ಒಂಬತ್ತು ಗಂಟೆ ಅಂತ ಬರೆದವರು ಯಾರು?

ದೊಡ್ಡ ನೋಜಾ ದ್ವೀಪ,
ಅಕ್ಟೋಬರ್ ೧೬, ೧೯೯೯, ಶನಿವಾರ

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಮೊದಲು ಅದನ್ನು ಹೇಳಿ. ಹೋದ ಪತ್ರದಲ್ಲಿ ತಾಷ್ಕೆಂಟಿನ ಹವೆಯ ಬಗ್ಗೆ ಒಂದು ಪುಟ, ಅಲ್ಲಿನ ಕಲ್ಲಂಗಡಿಯ ಬಗ್ಗೆ ಇನ್ನೊಂದು ಪುಟ ಬರೆದು, ಮೊಣಕಾಲಿನ ವಿಷಯ ಬಂದಾಗ ‘ಪರವಾಗಿಲ್ಲ’ ಎಂದು ಮುಗಿಸಿಬಿಟ್ಟಿದ್ದಿರಿ. ನಿಮ್ಮ ‘ಪರವಾಗಿಲ್ಲ’ ನನಗೆ ಗೊತ್ತಿಲ್ಲದ್ದೇ? ಹಲ್ಲು ಕೀಳಿಸಿಕೊಂಡು ಬಂದ ದಿನವೂ ನೀವು ಅದನ್ನೇ ಹೇಳಿದ್ದಿರಿ, ಬಾಯಿಯ ತುಂಬ ಹತ್ತಿ ಇಟ್ಟುಕೊಂಡು. ಅಲ್ಲಿ ನೆಲೆಸಿದ ನಮ್ಮ ಕೊರಿಯಾದವರು ಎಲೆಕೋಸು ಬಿಟ್ಟು ಗಜ್ಜರಿಯಲ್ಲೇ ಕಿಮ್ಚಿ ಮಾಡುತ್ತಾರೆಂದು ಬರೆದಿದ್ದಿರಲ್ಲ, ಹೊಟ್ಟೆಗೆ ಒಗ್ಗಿತೇ? ಒಣ ನೆತ್ತಳಿ ಮೀನು, ಕಡಲಪಾಚಿಯ ಹಾಳೆಗಳ ಕಟ್ಟೊಂದನ್ನು ಕಳಿಸಿದ್ದೇನೆ. ಪಾಚಿ ಈ ದ್ವೀಪದ್ದೇ, ನನ್ನ ವಿದ್ಯಾರ್ಥಿಯ ಮನೆಯವರು ಒಣಗಿಸಿದ್ದು. ಪಕ್ಕದ ಮನೆಯವರಿಗೆಲ್ಲ ಹಂಚಿಬಿಡಬೇಡಿ, ನೀವೂ ತಿನ್ನಿ. ಅಮ್ಮ ಫೋನಿನಲ್ಲಿ ಚೆನ್ನಾಗಿ ಮಾತಾಡಿದಳು. ಗ್ವಾಂಗ್ಜುವಿನ ಅಂಗಡಿ ಹೇಗೋ ನಡೆಯುತ್ತಿದೆಯಂತೆ. ನಿವೃತ್ತಿಯಾದ ಮೇಲೂ ಪಾಠ ಹೇಳಲು ಹೊರದೇಶಕ್ಕೆ ಓಡಿಹೋದ ಗಂಡ, ಪಾಠ ಹೇಳಲು ದ್ವೀಪಕ್ಕೆ ಓಡಿಹೋದ ಮಗಳು, ‘ಇಬ್ಬರಿಗೂ ಒಂದೇ ಹುಚ್ಚು, ಔಷಧಿ ಮಾತ್ರ ಬೇರೆ ಬೇರೆ ಅಂತ ಜಗಳ’ ಎಂದು ನಕ್ಕಳು.

ಜಗಳ ನೆನಪಿದೆ ತಾನೆ? ನೀವು ಹೊರಟ ದಿನ ಬಸ್ ನಿಲ್ದಾಣದಲ್ಲಿ ಅಮ್ಮ ಬೇಯಿಸಿದ ಮೊಟ್ಟೆ ಸುಲಿದು ಇಬ್ಬರ ಬಾಯಿಗೂ ತುರುಕಿ ನಮ್ಮನ್ನು ಸುಮ್ಮನಾಗಿಸಬೇಕಾಯಿತು. ನನ್ನ ಚೀಲದಲ್ಲಿದ್ದ, ಹೊಸ ಬಗೆಯ ಪಾಠದ ಕುರಿತ ಕರಪತ್ರಗಳನ್ನು ನೋಡಿ ನೀವು, ‘ನಾಲ್ಕು ಹಾಳೆ ಓದ್ಕೊಂಡು ಹಳೇ ಮೇಷ್ಟ್ರಿಗೆ ಪಾಠ ಮಾಡೋದು ಹೇಳ್ಕೊಡ್ತೀಯಾ?’ ಎಂದಿರಿ. ಹೌದು, ನನ್ನ ವಿದ್ಯೆಯೆಲ್ಲ ಆ ಕರಪತ್ರಗಳದ್ದೇ. ಪುಸ್ತಕದಂಗಡಿಯ ಹಿಂದಿನ ಕೋಣೆಯಲ್ಲಿ, ಶಾಯಿ ಇನ್ನೂ ಬೆರಳಿಗೆ ಅಂಟುವಾಗಲೇ ಓದಿದವು. ತರಬೇತಿ ಕಾಲೇಜು ನನಗೆ ಪ್ರಮಾಣಪತ್ರ ಕೊಟ್ಟಿತು, ಅಷ್ಟೇ. ಕರಪತ್ರಗಳು ಹೇಳಿದ್ದು ಇದನ್ನು: ಪಾಠ ಮುಗಿಸಿ ಕೊನೆಗೆ ಲೆಕ್ಕ ಕೊಡಬೇಡ. ಸಮಸ್ಯೆಯನ್ನು ಮೊದಲು ಇಡು, ಅದೂ ಮಕ್ಕಳ ಬದುಕಿನದೇ ಆಗಿರಲಿ. ಅದನ್ನು ಬಿಡಿಸಲು ಏನೇನು ಕಲಿಯಬೇಕು ಎಂಬುದನ್ನು ಅವರೇ ಕಂಡುಕೊಂಡು ಹುಡುಕಲಿ. ನೀನು ಬಾಯಿ ಮುಚ್ಚಿಕೊಂಡು ಜೊತೆಗಿರು. ಅದಕ್ಕೆ ನೀವು, ‘ಈಜು ಕಲಿಸದೆ ಹೊಳೆಗೆ ತಳ್ಳೋದು ಯಾವ ಸೀಮೆ ವಿದ್ಯೆ?’ ಎಂದಿರಿ. ನಾನು, ‘ನೀವು ದಡದ ಮೇಲೆ ಮಲಗಿಸಿ ಕೈಕಾಲು ಆಡಿಸ್ತೀರಿ, ಅದಕ್ಕೆ ಈಜು ಅಂತ ಅಂಕ ಕೊಡ್ತೀರಿ’ ಎಂದೆ. ಬಸ್ಸು ಹೊರಟಿತು. ಆ ಜಗಳ ಗೆಲ್ಲಲು ಈ ಪತ್ರ ಬರೆಯುತ್ತಿಲ್ಲ ಅಪ್ಪಾ. ನಿನ್ನೆ ನನ್ನ ತರಗತಿಯಲ್ಲಿ ನಡೆದದ್ದನ್ನು ನೋಡಿದ ಮೇಲೆ ಗೆಲ್ಲುವ ಆಸೆಯೇ ಚಿಕ್ಕದಾಗಿ ಕಾಣುತ್ತಿದೆ.

ದಲ್ಲೆಯ ಬಗ್ಗೆ ಹೇಳುತ್ತೇನೆ. ಒಂಬತ್ತು ವರ್ಷದ ಹುಡುಗಿ. ಇದ್ದ ಕಾರ್ಖಾನೆ ಮುಚ್ಚಿಹೋದ ಮೇಲೆ ಅಪ್ಪ ಅಮ್ಮ ಕೆಲಸ ಹುಡುಕಿಕೊಂಡು ಊರೂರು ಅಲೆಯುತ್ತಿದ್ದಾರೆ, ಇವಳು ಸಣ್ಣ ನೋಜಾದಲ್ಲಿ ಅಜ್ಜಿಯ ಜೊತೆ ಇದ್ದಾಳೆ. ಸಣ್ಣ ನೋಜಾ ಅಂದರೆ ನಮ್ಮ ಶಾಲೆಯ ಕಿಟಕಿಯಿಂದ ಕಾಣುವ ಬೆನ್ನುಗೂನಿನಂಥ ದ್ವೀಪ. ನಡುವೆ ಕೆಸರು, ಕೆಸರಿನ ಮೇಲೆ ಹಿಂದಿನವರು ಕಲ್ಲು ಜೋಡಿಸಿ ಮಾಡಿದ ದಾರಿ. ಕಡಲು ಏರಿದಾಗ ದಾರಿ ಮುಳುಗುತ್ತದೆ, ಇಳಿದಾಗ ಪಾಚಿ ಮೆತ್ತಿಕೊಂಡು ಎದ್ದು ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಬೆಳಿಗ್ಗೆ ತೆರೆದ ದಾರಿ ಶಾಲೆ ಬಿಡುವ ಮೊದಲೇ ಮುಳುಗಿ, ಮತ್ತೆ ಏಳುವುದು ಕತ್ತಲಾದ ಮೇಲೆ. ಜಾರುವ ಕಲ್ಲಿನ ಮೇಲೆ ಕತ್ತಲಲ್ಲಿ ಮಗುವನ್ನು ಯಾರು ಕಳಿಸುತ್ತಾರೆ? ಆ ದಿನಗಳಲ್ಲಿ ಅಜ್ಜಿ ಅವಳನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾಳೆ. ಹೀಗೆ ತಿಂಗಳಿನ ಅರ್ಧ ಶಾಲೆ ತಪ್ಪುತ್ತದೆ. ಈ ತಿಂಗಳ ಕೊನೆಗೆ ಆನ್ಸಾನ್ ಪಟ್ಟಣದಿಂದ ಸೋದರಮಾವ ಬಂದು ಅವಳನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ‘ಅಲ್ಲಿ ಶಾಲೆ ಮನೆ ಬಾಗಿಲಲ್ಲೇ ಇದೆಯಂತೆ ಟೀಚರ್’ ಎಂದಳು ಅಜ್ಜಿ, ಸಿಂಪಿ ಒಡೆಯುವ ಕೈ ನಿಲ್ಲಿಸದೆ. ‘ನಂಗೇನು ಕಳಿಸೋಕೆ ಇಷ್ಟಾನಾ? ಇಲ್ಲಿದ್ರೆ ದಡ್ಡಿ ಆಗ್ತಾಳೆ, ಅಲ್ಲಿಗೋದ್ರೆ ಅನಾಥೆ ಆಗ್ತಾಳೆ. ನೀವೇ ಹೇಳಿ, ಯಾವುದು ವಾಸಿ?’

ಮರುದಿನ ಅದನ್ನೇ ಹಲಗೆಯ ಮೇಲೆ ಬರೆದೆ: ದಲ್ಲೆ ಇಲ್ಲೇ ಇದ್ದು ಶಾಲೆ ತಪ್ಪದಿರಲು ಏನು ಮಾಡಬಹುದು? ಇರುವವರು ಏಳೇ ಮಕ್ಕಳು, ಒಂದೇ ಕೋಣೆ, ದಿನವೂ ಇರುವ ಟೀಚರ್ ನಾನೊಬ್ಬಳೇ. ನಮಗೆ ಏನು ಗೊತ್ತು, ಏನು ಗೊತ್ತಾಗಬೇಕು, ಎಲ್ಲಿ ಹುಡುಕೋಣ ಎಂದು ಹಲಗೆಯನ್ನು ಭಾಗ ಮಾಡಿಕೊಂಡೆವು. ನೀವು ಆ ವಾರಗಳನ್ನು ನೋಡಬೇಕಿತ್ತು ಅಪ್ಪಾ. ಭಾಗಾಕಾರ ಅಂದರೆ ಹೊಟ್ಟೆನೋವು ಬರುತ್ತಿದ್ದ ಮಕ್ಕಳು ಬಿದಿರುಗಳುವಿಗೆ ಗೆರೆ ಕೊರೆದು ದಾರಿಯ ಮೇಲೆ ನೀರು ಏರುವ ವೇಗ ಅಳೆದರು. ಚಂದ್ರ ಯಾಕೆ ಕಡಲನ್ನು ಎಳೆಯುತ್ತಾನೆ ಎಂದು ನನ್ನನ್ನು ಕಾಡಿದರು. ದೋಣಿಯ ಕ್ಯಾಪ್ಟನ್ನನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳಿದರು. ಅವನು, ‘ನಿಮ್ಮ ಟೀಚರಿಗೆ ಪುಸ್ತಕ ಕೊಡಿಸೋಕೆ ದುಡ್ಡಿಲ್ವೇನ್ರೋ, ನನ್ನನ್ನೇ ಓದ್ತೀರಲ್ಲ’ ಎಂದು ಗದರಿದನಂತೆ. ಗದರುತ್ತಲೇ ಎಲ್ಲ ಹೇಳಿಕೊಟ್ಟನಂತೆ.

ಆಗ ಬಂತು ಬಹಿರಂಗ ಪಾಠದ ಆದೇಶ. ಶಿಕ್ಷಣ ಇಲಾಖೆಯ ಪರಿವೀಕ್ಷಕರು ಬಂದು ತರಗತಿಯ ಹಿಂದೆ ಕೂತು ನೋಡುತ್ತಾರೆ, ನನ್ನ ತಾತ್ಕಾಲಿಕ ನೌಕರಿ ಮುಂದುವರಿಯಬೇಕೋ ಬೇಡವೋ ಎಂದು ಬರೆಯುತ್ತಾರೆ. ಅದು ಹೇಗೆ ನಡೆಯುತ್ತದೆ ಎಂದು ನಿಮಗೆ ನಾನು ಹೇಳಬೇಕೇ? ಇದಕ್ಕಿಂತ ದೊಡ್ಡದಾದ ಬೇರೊಂದು ದ್ವೀಪದ ಮೂಲ ಶಾಲೆಯಿಂದ ವಾರಕ್ಕೊಮ್ಮೆ ದೋಣಿಯಲ್ಲಿ ಬರುವ ಮುಖ್ಯಗುರು ಬಾಂಗ್ ಸಾರ್ ಓಡೋಡಿ ಬಂದರು. ಮಕ್ಕಳ ಕೈಲಿ ನೆಲಕ್ಕೆ ಮೇಣ ಹಚ್ಚಿಸಿ ಉಜ್ಜಿಸಿದರು, ಮುಖ ಕಾಣುವಷ್ಟು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ‘ಎರಡು ಸಲ ಪಾಠ ಅಭ್ಯಾಸ ಮಾಡಿಸಿಬಿಡಿ. ಕೈ ಎತ್ತೋದನ್ನ ನಾನು ಆಗ್ಲೇ ಕಲಿಸಿದೀನಿ’ ಎಂದರು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಎಲ್ಲರೂ ಎತ್ತಬೇಕು, ಟೀಚರ್ ಬಲಗೈಯವರನ್ನೇ ಎಬ್ಬಿಸಬೇಕು. ನಿಮ್ಮ ತರಗತಿಯಲ್ಲಿ ನಾನೇ ಎಷ್ಟು ಸಲ ಎಡಗೈ ಎತ್ತಿಲ್ಲ ಅಪ್ಪಾ! ಪರಿವೀಕ್ಷಕರು ಎಂಥ ಚುರುಕು ಮಕ್ಕಳು ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು. ನಾನು ಬಾಂಗ್ ಸಾರ್‌ಗೆ ಹೇಳಿದೆ, ಒಂದು ಮಗು ಊರು ಬಿಡುವ ಪ್ರಶ್ನೆಯನ್ನು ನಾಟಕವಾಡಿಸಲು ನನ್ನಿಂದ ಆಗುವುದಿಲ್ಲ, ತಡವರಿಸಲಿ, ತಪ್ಪು ಹೇಳಲಿ, ಕೆಲಸ ಹೋದರೆ ಹೋಗಲಿ. ದನಿ ಸ್ವಲ್ಪ ಏರಿತ್ತು. ಮೇಣ ಹಚ್ಚುತ್ತಿದ್ದ ಮಕ್ಕಳೆಲ್ಲ ಕೇಳಿಸಿಕೊಂಡಿದ್ದರು. ಅದೇ ಮುಂದಿನದಕ್ಕೆಲ್ಲ ಕಾರಣವಾಯಿತು.

ನಿನ್ನೆ ಬೆಳಗಿನ ದೋಣಿಯಲ್ಲಿ ಪರಿವೀಕ್ಷಕರು ಬಂದರು. ದಪ್ಪ ಮನುಷ್ಯ, ಕಡಲಿನ ತೂಗಾಟಕ್ಕೆ ಮುಖ ಹಸಿರಾಗಿತ್ತು. ನಾನು ಹಲಗೆಯತ್ತ ತೋರಿಸಿ, ಇಷ್ಟು ದಿನ ಹುಡುಕಿದ್ದರಿಂದ ಏನು ಕಂಡಿರಿ ಎಂದು ಕೇಳಿದೆನಷ್ಟೆ, ಏಳು ಕೈಗಳು ಒಟ್ಟಿಗೆ ಮೇಲೆ ಹೋದವು. ಆರನೆಯ ತರಗತಿಯ ದುಶಿಕ್, ನಮ್ಮ ನಾಯಕ, ಎದ್ದು ನಿಂತು ಭಾಷಣದಂತೆ ಹೇಳಿದ: ‘ನಾವು ದೀರ್ಘವಾಗಿ ವಿಚಾರ ಮಾಡಿದೆವು. ಸಣ್ಣ ನೋಜಾಕ್ಕೆ ಸಿಮೆಂಟಿನ ಸೇತುವೆ ಕಟ್ಟಿಸಿಕೊಡಬೇಕೆಂದು ಮಾನ್ಯ ಇಲಾಖೆಯನ್ನು ಬೇಡುತ್ತೇವೆ.’ ಮುಂದಿನವನು ಸೇತುವೆಯ ಉದ್ದ ಹೇಳಿದ. ಅದರ ಮುಂದಿನವಳು ಸೇತುವೆಯಿಂದಾಗುವ ಪ್ರಯೋಜನಗಳನ್ನು ಹೇಳಿದಳು. ಯಾರೂ ತಡವರಿಸಲಿಲ್ಲ, ಯಾರೂ ಯಾರನ್ನೂ ಅಲ್ಲಗಳೆಯಲಿಲ್ಲ. ಪರಿವೀಕ್ಷಕರು ತಲೆಯಾಡಿಸುತ್ತಿದ್ದರು, ಬಾಂಗ್ ಸಾರ್ ಮುಖ ಅರಳಿತ್ತು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಕೆಲಸ ಹೋಗಬಾರದೆಂದು ಆ ಮಕ್ಕಳು ನನಗೆ ತಿಳಿಯದಂತೆ ದುಶಿಕನ ಮನೆಯ ಪಾಚಿ ಒಣಗಿಸುವ ಕೊಟ್ಟಿಗೆಯಲ್ಲಿ ಸೇರಿ, ದೊಡ್ಡವರು ಮೆಚ್ಚುವಂಥ ಉತ್ತರವೊಂದನ್ನು ಆರಿಸಿಕೊಂಡು, ಮಾತು ಹಂಚಿಕೊಂಡು, ಬಾಯಿಪಾಠ ಮಾಡಿಕೊಂಡು ಬಂದಿದ್ದರು. ನನ್ನ ಮೇಲಿನ ಪ್ರೀತಿಗಾಗಿ ಅಪ್ಪಾ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ದಲ್ಲೆಯನ್ನು ನೋಡಿದೆ. ಅವಳೂ ಎಲ್ಲರ ಹಾಗೆ ಕೈ ಎತ್ತಿ ನೆಟ್ಟಗೆ ಕೂತಿದ್ದಳು. ಎತ್ತಿದ್ದು ಎಡಗೈ.

ಸೇತುವೆ ಬರುವುದು ಯಾವ ಕಾಲಕ್ಕೆ? ಮಾವ ಬರುವುದು ತಿಂಗಳ ಕೊನೆಗೆ. ಅದು ಅವಳಿಗೆ ಗೊತ್ತಿತ್ತು. ಆದರೂ ನನ್ನ ಮರ್ಯಾದೆಗಾಗಿ ಕೈ ಎತ್ತಿದ್ದಳು. ಪಾಠ ನಿಲ್ಲಿಸಿ, ಇದು ಸುಳ್ಳು ಎಂದು ಕೂಗಬೇಕೆನಿಸಿತು. ಹಾಗೆ ಮಾಡಿದ್ದರೆ ಆ ಮಕ್ಕಳ ಪ್ರೀತಿಯನ್ನು ಹೊರಗಿನವರ ಮುಂದೆ ಹರಾಜು ಹಾಕಿದಂತಾಗುತ್ತಿತ್ತು. ನಾನು ಮಾಡಿದ್ದು ಇಷ್ಟೇ, ದಲ್ಲೆ ನಾಳೆಯಿಂದ ಈ ಸೇತುವೆಯ ಮೇಲೆ ಬರುತ್ತಾಳಾ ಎಂದು ಕೇಳಿ ಗೋಡೆಗೆ ಒರಗಿ ಸುಮ್ಮನೆ ನಿಂತೆ. ಇನ್ನು ಮಾತಾಡಬೇಕಾಗಿದ್ದವಳು ದುಶಿಕನ ತಂಗಿ ಮಾಲ್ಸುನ್, ಒಂದನೆಯ ತರಗತಿ, ಎಲ್ಲರಿಗಿಂತ ಚಿಕ್ಕವಳು. ಎದ್ದಳು, ಬಾಯಿ ತೆರೆದಳು, ಮುಚ್ಚಿದಳು. ‘ಹೇಳೇ, “ಆದ್ದರಿಂದ ನಾವೆಲ್ಲರೂ” ಅಂತ’ ಎಂದು ದುಶಿಕ್ ಹಲ್ಲುಕಚ್ಚಿ ಪಿಸುಗುಟ್ಟಿದ. ‘ಮರ್ತೋಯ್ತು ಅಣ್ಣ’ ಎಂದಳು ಇವಳು, ಇಡೀ ಕೋಣೆಗೆ ಕೇಳುವಂತೆ. ‘ಕೊಟ್ಟಿಗೇಲಿ ಚೆನ್ನಾಗಿ ಹೇಳ್ತಿದ್ದೆ ಕಣೋ. ಇಲ್ಲಿ ಬರ್ತಿಲ್ಲ.’ ಬಾಂಗ್ ಸಾರ್ ಕಣ್ಣು ಮುಚ್ಚಿಕೊಂಡರು. ಮಾಲ್ಸುನ್ ಕಿಟಕಿಯಾಚೆ ನೋಡಿದಳು. ದಾರಿ ಆಗಷ್ಟೇ ಮುಳುಗುತ್ತಿತ್ತು, ಕತ್ತಲಾಗುವ ಮೊದಲೇ ಮತ್ತೆ ಏಳುವ ದಿನ ಅದು. ಆಮೇಲೆ ನನ್ನ ಕಡೆ ತಿರುಗಿ, ನೆಗಡಿ ಮೂಗಿನಲ್ಲಿ ಕೇಳಿದಳು: ‘ಟೀಚರ್, ನಮ್ಮಪ್ಪ ಪಾಚಿ ಬಲೆಗೆ ಹೋಗೋದು ಕಡಲು ಹೇಳ್ದಾಗ. ದಲ್ಲೆ ಅಜ್ಜಿ ಸಿಂಪಿಗೆ ಹೋಗೋದೂ ಕಡಲು ಹೇಳ್ದಾಗ. ದೋಣಿ ಬರೋದೂ ಹಂಗೇ. ಮತ್ತೆ ಶಾಲೆ ಯಾಕೆ ಕಡಲನ್ನ ಕೇಳಲ್ಲ? ಒಂಬತ್ತು ಗಂಟೆ ಅಂತ ಬರೆದವರು ಯಾರು?’

ಅಪ್ಪಾ, ನನ್ನ ಯಾವ ಕರಪತ್ರದಲ್ಲೂ ಆ ಪ್ರಶ್ನೆ ಇರಲಿಲ್ಲ. ಸುಂಕ, ಸರ್ಕಾರ, ಸೇತುವೆ ಎಲ್ಲವನ್ನೂ ಪ್ರಶ್ನಿಸುವ ನಾನು, ಗೋಡೆಯ ಮೇಲಿನ ಗಡಿಯಾರವನ್ನು ಒಮ್ಮೆಯೂ ಪ್ರಶ್ನಿಸಿರಲಿಲ್ಲ. ಅದು ಸೂರ್ಯನ ಹಾಗೆ ಇದ್ದೇ ಇರುವಂಥದ್ದು ಎಂದುಕೊಂಡಿದ್ದೆ. ದಾರಿಯನ್ನು ಎತ್ತರಿಸುವುದು, ದೋಣಿ ಇಡುವುದು, ಮಗುವನ್ನು ಇಲ್ಲೇ ಮಲಗಿಸಿಕೊಳ್ಳುವುದು, ಹೀಗೆ ಕಡಲನ್ನೂ ಮಗುವನ್ನೂ ಬಗ್ಗಿಸಲು ನಾವೆಲ್ಲ ಒದ್ದಾಡುತ್ತಿದ್ದೆವು. ಶಾಲೆ ಬಗ್ಗಬಹುದು ಎಂದು ಮೂಗು ಸೋರುವ ಏಳು ವರ್ಷದ ಹುಡುಗಿಗೆ ಹೊಳೆಯಿತು.

ಆಮೇಲೆ ನಡೆದದ್ದನ್ನು ಪಾಠ ಅನ್ನಲೋ, ಸಂತೆ ಅನ್ನಲೋ. ಬಲಗೈ ಎಡಗೈ ಎಲ್ಲ ಮರೆತುಹೋಯಿತು. ಒಬ್ಬ ಓಡಿ ಗೋಡೆಯಲ್ಲಿದ್ದ ಮೀನುಗಾರರ ಸಂಘದ ಕ್ಯಾಲೆಂಡರನ್ನು ಕಿತ್ತು ತಂದ, ದಿನದಿನದ ಏರಿಳಿತ ಅದರಲ್ಲಿದೆಯಲ್ಲ. ನೆಲದ ಮೇಲೆ, ಆ ಮೇಣದ ಮೇಲೆಯೇ, ಬಳಪದಲ್ಲಿ ಗೆರೆ ಎಳೆದರು. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತಲಿನ ದಿನಗಳಲ್ಲಿ ನಸುಕಿಗೇ ಶಾಲೆ ತೆರೆದರೆ ದಾರಿ ಮುಳುಗುವ ಮೊದಲು ದಲ್ಲೆ ಮನೆ ಸೇರುತ್ತಾಳೆ. ಕೆಲವು ದಿನ ತಡವಾಗಿ ಶುರು. ಏರಿಳಿತ ಕುಗ್ಗಿ ಕಡಲು ಸೋತು ಮಲಗುವ ದಿನಗಳಲ್ಲಿ ದಾರಿ ಮುಳುಗುವುದೇ ಇಲ್ಲ, ಆಗ ಸಂಜೆಯವರೆಗೂ ಕೂತು ಉಳಿದದ್ದನ್ನು ತುಂಬಿಸಿಕೊಳ್ಳಬಹುದು. ಕೂಡುವುದು, ಕಳೆಯುವುದು, ಮತ್ತೆ ತಪ್ಪು, ಮತ್ತೆ ಅಳಿಸುವುದು. ದುಶಿಕನೇ ಅಡ್ಡ ನಿಂತ: ‘ಸಂಜೆವರೆಗೂ ಅಂದ್ರೆ ಫುಟ್ಬಾಲ್ ಯಾವಾಗ? ಪಾಚಿ ಸುಗ್ಗೀಲಿ ಅಮ್ಮಂಗೆ ಕೈ ಕೊಡೋರ್ಯಾರು?’ ಸರಿ, ಪಾಚಿ ಸುಗ್ಗಿಗೆ ಬೇರೆ ಗೆರೆ. ಪರಿವೀಕ್ಷಕರು ಕುರ್ಚಿಯಿಂದ ಯಾವಾಗ ಎದ್ದರೋ ನಾನು ನೋಡಲಿಲ್ಲ. ನೋಡಿದಾಗ ಕೋಟು ಬಿಚ್ಚಿಟ್ಟು ನೆಲದ ಮೇಲೆ ಕೂತು, ‘ನಸುಕಿಗೆ ಬಂದ್ರೆ ಹೊಟ್ಟೆಗೇನ್ರಪ್ಪಾ?’ ಎಂದು ಕೇಳುತ್ತಿದ್ದರು. ‘ಅನ್ನದುಂಡೆ ತರ್ತೀವಿ ಸಾರ್, ನಿಮಗೂ ಒಂದು ತರ್ಲಾ?’ ಎಂದ ಒಬ್ಬ. ಮಾಲ್ಸುನ್ ಮಾತ್ರ ಅವರನ್ನು ಬಿಡಲಿಲ್ಲ. ‘ಸಾರ್, ನೀವು ಹೇಳ್ಲೇ ಇಲ್ಲ, ಒಂಬತ್ತು ಗಂಟೆ ಬರೆದವರು ಯಾರು? ನೀವಾ?’ ಅವರು, ‘ನಾನಲ್ಲ ಮಗೂ. ಯಾರು ಅಂತ ನಂಗೂ ಗೊತ್ತಿಲ್ಲ. ನಾನೂ ಯಾವತ್ತೂ ಕೇಳಿಲ್ಲ’ ಎಂದರು.

ಆ ಗಲಾಟೆಯಲ್ಲಿ ದಲ್ಲೆ ಮಾತಾಡಿದಳು. ‘ಬೇಡ’ ಎಂದಳು. ಎಲ್ಲರೂ ತಿರುಗಿದರು. ‘ನನ್ನೊಬ್ಬಳಿಗೋಸ್ಕರ ಎಲ್ರೂ ಕತ್ತಲಲ್ಲಿ ಎದ್ದು ಬರೋದು ಬೇಡ. ನಾನು ಆನ್ಸಾನಿಗೆ ಹೋಗ್ತೀನಿ. ಅಲ್ಲಿ ಶಾಲೆ ಬಾಗಿಲಲ್ಲೇ ಇದೆ.’ ಅಳಲಿಲ್ಲ ಅಪ್ಪಾ, ಅದೇ ಸಹಿಸಲಾಗಲಿಲ್ಲ. ನನ್ನ ನಾಲಗೆಯ ತುದಿಗೆ ಎಷ್ಟೋ ದೊಡ್ಡ ಮಾತುಗಳು ಬಂದವು, ಸಮಾನತೆ, ಹಕ್ಕು, ಏನೇನೋ. ನಾನು ಬಾಯಿ ತೆರೆಯುವ ಮೊದಲೇ ದುಶಿಕ್ ಬಳಪ ಎಸೆದು ಹೇಳಿದ: ‘ಏಯ್, ನಿಂಗೋಸ್ಕರ ಅಂತ ಯಾರೇ ಹೇಳಿದ್ದು? ನೀನು ಹೋದ್ರೆ ಗೋಲಿಗೆ ಯಾರು ನಿಲ್ತಾರೆ? ಮಾಲ್ಸುನ್ನಾ? ಚೆಂಡು ಬಂದ್ರೆ ಕಣ್ಣು ಮುಚ್ತಾಳೆ. ನಮಗೋಸ್ಕರ ಕಣೇ ಮಂಕು. ಕೂತ್ಕೊಂಡು ಲೆಕ್ಕ ಹಾಕು.’ ಅವಳು ಕೂತಳು. ಮೂಗು ಒರೆಸಿಕೊಂಡು ಬಳಪ ತೆಗೆದುಕೊಂಡು, ಮುಂದಿನ ಹುಣ್ಣಿಮೆಯ ಸಾಲಿನಲ್ಲಿ ಅವರು ಮಾಡಿದ್ದ ತಪ್ಪು ತಿದ್ದಿದಳು. ನಾನು ಗೋಡೆಗೆ ಒರಗಿದವಳು ಒರಗಿಯೇ ಇದ್ದೆ. ದೊಡ್ಡದೊಂದರ ಹತ್ತಿರ ನಿಂತಾಗ ಆಗುವ ಹೆದರಿಕೆ, ಚಿಕ್ಕವಳಿದ್ದಾಗ ನಿಮ್ಮ ಹೆಗಲ ಮೇಲಿಂದ ಮೊದಲ ಸಲ ಕಡಲು ನೋಡಿದಾಗ ಆಗಿತ್ತಲ್ಲ, ಅಂಥದ್ದು. ಇದನ್ನು ನಾನು ಕಲಿಸಲಿಲ್ಲ. ಯಾರೂ ಕಲಿಸಲಾರರು. ಜಾಗ ಬಿಟ್ಟು ನಿಲ್ಲಬಹುದು, ಅಷ್ಟೇ. ಇನ್ನೊಂದನ್ನೂ ನಿಮಗೆ ಹೇಳಬೇಕು, ಯಾಕೆಂದರೆ ಅದೂ ನಿಜ: ಅಂಕೆಗಳನ್ನು ಅಷ್ಟು ಚುರುಕಾಗಿ ಕೂಡಿ ಕಳೆಯಲು ಅವರಿಗೆ ಬಂದದ್ದು ಬಾಂಗ್ ಸಾರ್ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ ಮಗ್ಗಿಯಿಂದ. ಕರಪತ್ರ ಬರೆದವರು ಅದನ್ನು ಬರೆದಿರಲಿಲ್ಲ.

ಬಂದರಿನಲ್ಲಿ ಕ್ಯಾಪ್ಟನ್ ಹಾರ್ನ್ ಹೊಡೆದು ಹೊಡೆದು ಸುಸ್ತಾಗಿದ್ದ. ಪರಿವೀಕ್ಷಕರು ಮೊಣಕಾಲಿನ ಮೇಣ ಒರೆಸಿಕೊಳ್ಳದೆಯೇ ಓಡಿದರು, ಹಿಂದೆ ಅವರ ಕೋಟು ಹಿಡಿದು ಬಾಂಗ್ ಸಾರ್. ದೋಣಿ ಹತ್ತುವ ಮೊದಲು ಪರಿವೀಕ್ಷಕರು ಒಪ್ಪಿಗೆಯ ಮಾತು ಹೇಳಿದ್ದಾರೆ: ಚಳಿಗಾಲದ ರಜೆಯವರೆಗೆ ಕಡಲಿನ ಹೊತ್ತಿಗೆ ಶಾಲೆ ನಡೆಸಿ ನೋಡಬಹುದು, ಬರೆಯಬೇಕಾದ್ದನ್ನು ಅವರು ಬರೆಯುತ್ತಾರೆ. ಒಂದು ಷರತ್ತಿದೆ. ದಲ್ಲೆಯ ಅಜ್ಜಿಗೂ ಇದನ್ನೆಲ್ಲ ಹೇಳಿದೆ. ‘ನಡೆಯೋದಾದ್ರೆ ಮಾವಂಗೆ ಬರಬೇಡ ಅಂತೀನಿ. ನಡೆಯದಿದ್ರೆ ಆಸೆ ತೋರಿಸಬೇಡಿ’ ಎಂದಳು.

ಕಾಗದ ಮುಗಿಯುತ್ತಾ ಬಂತು. ಬಿಸಿನೀರಿನ ಶಾಖ ತಪ್ಪಿಸಬೇಡಿ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳಿ. ಅಲ್ಲಿನ ನಿಮ್ಮ ವಿದ್ಯಾರ್ಥಿಗಳಿಗೆ ಈ ಏಳು ಜನರ ನೆನಪು ತಿಳಿಸಿ. ನೆಲಕ್ಕೆ ಹಣೆ ಮುಟ್ಟಿಸಿ ನಿಮಗೆ ನಮಸ್ಕಾರ, ದೂರದಿಂದಲೇ ತಲೆ ಮುಟ್ಟಿ ಹರಸಿ.

ನಿಮ್ಮ ಹಟಮಾರಿ ಮಗಳು,
ತಾಕ್ ಇನ್‌ಹ್ಯೆ

ಮರೆತಿದ್ದೆ: ದೋಣಿ ಹೊರಡುವ ಹೊತ್ತಾಯಿತು, ಗೀಚುತ್ತಿದ್ದೇನೆ, ಕ್ಷಮಿಸಿ. ಷರತ್ತು ಇದು. ನಸುಕಿನ ದಿನಗಳಲ್ಲಿ ಹೊತ್ತು ಕಡಿಮೆ, ಹಾಗಾಗಿ ದೊಡ್ಡವರಿಗೂ ಚಿಕ್ಕವರಿಗೂ ಒಟ್ಟೊಟ್ಟಿಗೆ ಬೇರೆ ಬೇರೆ ಪಾಠ ನಡೆಯಬೇಕು. ಅಂದರೆ ಶಿಕ್ಷಕರ ಪ್ರಮಾಣಪತ್ರವಿರುವ ಇನ್ನೊಬ್ಬರು ದ್ವೀಪದಲ್ಲೇ ಇರಬೇಕು. ಸಂಬಳವಿಲ್ಲ. ನಾನು ನಿಮ್ಮ ಹೆಸರು ಕೊಟ್ಟಿದ್ದೇನೆ ಅಪ್ಪಾ. ಕೇಳದೆಯೇ ಕೊಟ್ಟೆ. ಅಲ್ಲಿನ ನಿಮ್ಮ ಪಾಠ ಈ ತಿಂಗಳಿಗೆ ಮುಗಿಯುತ್ತದೆಂದು ಅಮ್ಮ ಹೇಳಿದಳು. ಮಗ್ಗಿ ಹೇಳಿಸಿ, ಬಾಯಿಪಾಠ ಮಾಡಿಸಿ, ನಾನು ಅಡ್ಡ ಬರುವುದಿಲ್ಲ. ಸ್ವಲ್ಪ ಬರುತ್ತೇನೆ. ಒಪ್ಪಿಗೆಯಾದರೆ ತಂತಿ ಕೊಡಿ, ಮಾವ ರೈಲು ಹತ್ತುವ ಮೊದಲು ತಲುಪಬೇಕು. ದಲ್ಲೆಗೆ ಹೇಳಿದೆ. ಅವಳು ಕೇಳಿದ್ದು ಒಂದೇ, ‘ಹೊಡೀತಾರಾ?’ ಇಲ್ಲ, ಆದರೆ ತುಂಬಾ ಬೈಯುತ್ತಾರೆ ಎಂದೆ. ಅದಕ್ಕೆ ಅವಳು ಹೇಳಿದಳು, ‘ಬೈಲಿ ಬಿಡಿ ಟೀಚರ್. ಬರ್ಲಿ.’